ಊರಿನ ಹೆಸರು ಕೂಗಿ ಹೇಳಿ!

ಇಂಗ್ಲಿಷ್ ಹೋಂವರ್ಕ್ ಮುಂದಿಟ್ಟುಕೊಂಡು ಮತ್ತೆ ಅಡ್ಡಬಾಯಿ ಹಾಕಿದಳು ನನ್ನ ಮಗಳು ಚಾರ್ವಿ. ಮೂರು ಸಲ ಕತೆ ಶುರು ಮಾಡಿದ್ದೇನೆ, ಪಾಳೇಗಾರ ಇನ್ನೂ ಗಾದಿಯ ಮೇಲೆ ಕೂತಿಲ್ಲ.

"ಅಮ್ಮಾ, ಇಂಗ್ಲಿಷಲ್ಲಿ ಊರಿನ ಹೆಸರಿಗೆ ಯಾಕೆ ದೊಡ್ಡಕ್ಷರ?"

"ಅದೇ ಕತೆ ಕಣೇ ಇದು. ತೆಪ್ಪಗೆ ಕೇಳು."

ಬೂದಿಗಲ್ಲಿನ ಪಾಳೇಗಾರ ಕೆಂಚಪ್ಪ ನಾಯಕ ಬಿಳಿ ದೊರೆಯನ್ನು ಕಂಡು ಬಂದವನೇ ಸಭೆ ಕರೆದ.

"ದೊರೆಯ ಬರಹದಲ್ಲಿ ಊರಿನ ಹೆಸರು ಬಂದರೆ ಮೊದಲಕ್ಷರ ಎದೆಯುಬ್ಬಿಸಿ ನಿಲ್ಲುತ್ತೆ! ನಮ್ಮ ಅಕ್ಷರಗಳೋ, ಬುಟ್ಟಿಯ ಕಡಲೆಕಾಯಿ. ಎಲ್ಲಾ ಒಂದೇ ಗಾತ್ರ. ಅಕ್ಷರ ದೊಡ್ಡದಾಗದಿದ್ದರೆ ದನಿ ದೊಡ್ಡದಾಗಲಿ. ಇನ್ನುಮುಂದೆ ನನ್ನ ಸೀಮೆಯ ಯಾವ ಊರಿನ ಹೆಸರನ್ನಾದರೂ ಕೂಗಿಯೇ ಹೇಳಬೇಕು. ಮೆಲ್ಲಗೆ ಹೇಳಿದವರಿಗೆ ಸೆರೆ!"

ಮೊದಲು ಸಿಕ್ಕಿಬಿದ್ದವನು ಬಳೆಗಾರ ಚಿಕ್ಕೀರಯ್ಯ. "ಯಾವೂರಿಗೆ ಹೊರಟೆ?" ಎಂದು ಕಾವಲಿನವರು ಕೇಳಿದರು. ಬಳೆ ಬಳೆ ಎಂದು ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. ಊರಿನ ಹೆಸರು ಉಸಿರಿನಂತೆ ಹೊರಬಂತು. ಹೆಗಲ ಮೇಲಿನ ಬಳೆ ಮಲಾರದ ಸಮೇತ ಒಳಗೆ ಹಾಕಿದರು. ಗೌರಿ ಹಬ್ಬ ನಾಡಿದ್ದು. ಹಬ್ಬ ಕಳೆದ ಮೇಲೆ ಬಳೆ ಕೊಳ್ಳುವವರು ಯಾರು? ವರ್ಷದ ಅನ್ನವೇ ಹೋದಂತೆ.

"ಬಿಟ್ಟುಬಿಡಿ ಬುದ್ಧಿ," ಎಂದ ಸಣ್ಣಲಿಂಗ. ನಾಯಕನಿಗೆ ಎಲೆಯಡಿಕೆ ಮಡಿಸಿಕೊಡುವವನು ಅವನು.

"ಆಜ್ಞೆ ಅಂದರೆ ಆಜ್ಞೆ ಕಣೋ. ನಿನಗೂ ಅದೇ!"

"ನನಗೂನಾ? ಹಾಗೇ ಆಗಲಿ."

ಈಗ ಗುಟ್ಟು ಕೇಳಿ. ನಾಯಕನ ಮಂಡಿನೋವು ವಾಸಿಯಾಗಲೆಂದು ರಾಣಿ ಮುದ್ದಾಜಮ್ಮ, ಗೌರಿ ಹಬ್ಬ ಮುಗಿಯುವ ತನಕ ಬಾಡು ಮುಟ್ಟುವುದಿಲ್ಲವೆಂದು ಅವನಿಂದ ಆಣೆ ಮಾಡಿಸಿದ್ದಳು. ಆದರೆ ಚಿಟ್ಟನಕೆರೆಯ ಕೋಳಿಸಾರೆಂದರೆ ನಾಯಕನಿಗೆ ಪ್ರಾಣ. ದಿನಾ ಮಧ್ಯಾಹ್ನ ಆ ಊರಿನಿಂದ ಹಿತ್ತಿಲಿಗೆ ಸಾರಿನ ತಪ್ಪಲೆ ಬರುತ್ತಿತ್ತು. ಬಂದ ಸುದ್ದಿಯನ್ನು ಸಣ್ಣಲಿಂಗ ಅವನ ಕಿವಿಯಲ್ಲಿ ಉಸುರುತ್ತಿದ್ದ.

ಅವತ್ತು ಸಭೆ ತುಂಬಿತ್ತು. ಪರದೆಯ ಹಿಂದೆ ರಾಣಿ ಕೂತಿದ್ದಳು. ಸಣ್ಣಲಿಂಗ ನಾಯಕನ ಕಿವಿಯ ಹತ್ತಿರ ಬಗ್ಗಿ ಗಂಟಲು ಹರಿಯುವಂತೆ ಕೂಗಿದ:

"ಚಿಟ್ಟನಕೆರೆಯವರು ಬಂದವ್ರೆ!"

ನಾಯಕನ ಬಾಯಿಂದ ಎಲೆಯಡಿಕೆ ಹಾರಿತು. "ಮೆಲ್ಲಗೆ ಹೇಳೋ, ಹಾಳಾದವನೇ!"

"ಮೆಲ್ಲಗೆ ಹೇಳಿದವನು ಸೆರೆಯಲ್ಲಿದ್ದಾನಲ್ಲ ಬುದ್ಧಿ."

ಪರದೆ ಸರಿಯಿತು. "ಆ ಊರಲ್ಲಿ ಕೋಳಿ ಬಿಟ್ಟರೆ ಇನ್ನೇನಿದೆ? ಏನು ತಂದವ್ರೆ?" ಎಂದಳು ರಾಣಿ.

"ಅದನ್ನೂ ಹೇಳಲೇ ಬುದ್ಧಿ?" ಎಂದು ಸಣ್ಣಲಿಂಗ ನಾಯಕನತ್ತ ತಿರುಗಿದ.

"ಬೇಡ! ಆಜ್ಞೆ ರದ್ದು! ಬಳೆಗಾರನನ್ನ ಬಿಟ್ಟುಬಿಡ್ರಪ್ಪಾ!"

ರಾಣಿ ಬಿಡುವವಳೇ? ಹಿತ್ತಿಲಿನಿಂದ ತಪ್ಪಲೆ ತರಿಸಿದಳು. ನಾಯಕ ಕಣ್ಣು ಮುಚ್ಚಿಕೊಂಡ. ಮುಚ್ಚಳ ತೆಗೆದರೆ ಒಳಗೆ ಮೂಗಿಗೆ ಬಡಿಯುವ ಹರಳೆಣ್ಣೆ.

"ಮಂಡಿಗೆ ಹಚ್ಚೋಕೆ ತಾಯಿ," ಎಂದ ಸಣ್ಣಲಿಂಗ, ಕೈ ಮುಗಿದು.

"ಅಯ್ಯೋ, ಸುಮ್ಮನೆ ಅನುಮಾನಪಟ್ಟೆ," ಎಂದು ರಾಣಿ ಬಳೆ ತೊಡಿಸಿಕೊಳ್ಳಲು ಬಳೆಗಾರನನ್ನು ಕರೆಸಿ ಒಳಗೆ ಹೋದಳು.

ನಾಯಕ ಸಣ್ಣಲಿಂಗನ ಕಿವಿ ಹಿಡಿದೆಳೆದ. "ಸಾರು ಎಲ್ಲೋ?"

"ಬಳೆಗಾರನ ಹೊಟ್ಟೆಯಲ್ಲಿ. ಸಭೆಗೆ ಬರುವ ಮುಂಚೆಯೇ ಸೆರೆಗೆ ಸಾಗಿಸಿ, ತಪ್ಪಲೆಗೆ ಎಣ್ಣೆ ಹೊಯ್ದೆ. ಗಂಟಲು ಕಟ್ಟಿದವನಿಗೆ ಮೆಣಸಿನ ಕೋಳಿಸಾರಿಗಿಂತ ಮದ್ದುಂಟೇ? ಅವನಿಗೆ ಆಣೆ ಮಾಡಿಸುವ ರಾಣಿಯೂ ಇಲ್ಲ."

ಅಷ್ಟರಲ್ಲಿ ಒಳಗಿನಿಂದ ಬಳೆಗಾರನ ಕೂಗು ಕೇಳಿಸಿತು: "ಬಳೆ! ಬೂದಿಗಲ್ಲಿನ ಬಳೆ!"

"ನೋಡಿ ಬುದ್ಧಿ, ಹೊಟ್ಟೆ ತುಂಬಿದರೆ ಊರಿನ ಹೆಸರು ತಾನಾಗೇ ದೊಡ್ಡದಾಗುತ್ತೆ."

ನಾಯಕ ಮಂಡಿನೋವು ಮರೆತು ಕುಣಿಯುವಂತೆ ನಕ್ಕ. ಹೆಗಲ ಮೇಲಿನ ಶಾಲು ತೆಗೆದು ಸಣ್ಣಲಿಂಗನಿಗೆ ಹೊದಿಸಿದ.

ಕತೆ ಮುಗಿಯಿತು, ಬರಿ ಈಗ, ಅಂದೆ. ಮಗಳು ಪೆನ್ಸಿಲ್ ಕಚ್ಚುತ್ತಾ ಕೇಳಿದಳು:

"ಅಮ್ಮಾ, ನಿನ್ನನ್ನ ಎಲ್ಲರೂ 'ಚಾರ್ವಿ ಅಮ್ಮ' ಅಂತಾರಲ್ಲ. ಅದರಲ್ಲಿ ದೊಡ್ಡಕ್ಷರ ನನಗಾ, ನಿನಗಾ?"