ಕೈಗೆಟುಕುವ ಅಂಗಡಿ

“ಗುರುಗಳೇ, ಓದು ಬರಹದಲ್ಲೇ ದಿನ ಮುಗಿದುಹೋಗುತ್ತದೆ. ಮೈ ಬಗ್ಗಿಸುವುದಕ್ಕೆಂದು ಬೇರೆ ಹೊತ್ತನ್ನು ಎಲ್ಲಿಂದ ತರಲಿ?” ಎಂದು ಶಿಷ್ಯನೊಬ್ಬ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ದಿನಸಿ ವ್ಯಾಪಾರಿಯಿದ್ದ. ಅಂಗಡಿ ಅವನ ಅಪ್ಪನ ಕಾಲದ್ದು. ಅಪ್ಪ ಉಪ್ಪನ್ನು ಜಗುಲಿಯಲ್ಲಿಡುತ್ತಿದ್ದ, ಬೆಲ್ಲವನ್ನು ಒಳಕೋಣೆಯಲ್ಲಿ, ಮೆಣಸಿನಕಾಯಿಯನ್ನು ಅಟ್ಟದ ಮೇಲೆ, ಎಣ್ಣೆಯನ್ನು ನಾಲ್ಕು ಮೆಟ್ಟಿಲು ಕೆಳಗೆ ನೆಲಮಾಳಿಗೆಯಲ್ಲಿ. ಗಿರಾಕಿ ಕೇಳಿದಾಗಲೆಲ್ಲ ಎದ್ದು ಹೋಗಿ ತರುತ್ತಿದ್ದ. “ಎಲ್ಲಾ ಹತ್ತಿರ ಇಟ್ಕೋಬಾರದಾ ಅಪ್ಪಾ?” ಎಂದು ಮಗ ಕೇಳಿದರೆ, “ಇಟ್ಕೊಂಡ್ರೆ ಜನ ಬೇಗ ಹೋಗಿಬಿಡ್ತಾರಲ್ಲೋ” ಎನ್ನುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ ಮಗ ಅಂಗಡಿಯನ್ನು ಬದಲಿಸಿದ. ಎಡಗೈಗೆ ಎಣ್ಣೆ, ಬಲಗೈಗೆ ಬೆಲ್ಲ, ಮಂಡಿಯ ಮುಂದೆ ಉಪ್ಪು. “ಕೂತಲ್ಲೇ ರಾಜ್ಯಭಾರ ಅಂದ್ರೆ ಇದಪ್ಪಾ!” ಎಂದು ಊರವರು ನಕ್ಕರು. ಅವನಿಗೆ ಹೆಮ್ಮೆಯಾಯಿತು. ಬೆಳಿಗ್ಗೆ ಗಾದಿಯ ಮೇಲೆ ಕೂತರೆ ಊಟಕ್ಕೇ ಏಳುತ್ತಿದ್ದ. ಹೀಗೆ ಇಪ್ಪತ್ತು ವರ್ಷ ಕಳೆಯಿತು.

ದೀಪಾವಳಿಯ ಹೊತ್ತಿಗೆ ಮಗಳಿಗೆ ಗಂಡು ಗೊತ್ತಾಯಿತು. ವೈಶಾಖದಲ್ಲಿ ಮದುವೆ. ಧಾರೆಗೆ ಮುಂಚೆ ಹೆಣ್ಣಿನ ತಂದೆ ಕುಕ್ಕರುಗಾಲಿನಲ್ಲಿ ಕೂತು ಅಳಿಯನ ಪಾದ ತೊಳೆಯಬೇಕು. ವ್ಯಾಪಾರಿ ಮನೆಯಲ್ಲಿ ಒಮ್ಮೆ ಕೂತು ನೋಡಿದ. ಮಂಡಿ ಬಗ್ಗಲಿಲ್ಲ. ಬಲವಂತ ಮಾಡಿದಾಗ ಪಕ್ಕಕ್ಕೆ ಉರುಳಿಬಿದ್ದ. ಮಗಳೇ ಬಂದು ಎಬ್ಬಿಸಬೇಕಾಯಿತು. “ನಿಂತೇ ತೊಳೀರಿ ಅಪ್ಪಾ, ಯಾರೇನು ಅಂದ್ಕೊಳ್ತಾರೆ” ಎಂದಳು. ಹಾಗೆನ್ನುವಾಗ ಅವಳು ಅವನ ಮುಖ ನೋಡಲಿಲ್ಲ.

ಒಂದು ತಿಂಗಳು ತೈಲ ತಿಕ್ಕಿದರೂ ಪ್ರಯೋಜನವಾಗಲಿಲ್ಲ. “ದಿನಾ ಒಂದಿಷ್ಟು ನಡೀರಿ” ಎಂದ ವೈದ್ಯ. “ಅಂಗಡಿ ಯಾರು ನೋಡ್ತಾರೆ?” ಎಂದು ವ್ಯಾಪಾರಿ ಗೊಣಗಿದ.

ವೈದ್ಯನ ಮನೆಯಿಂದ ಮರಳಿ ಬರುವಾಗ ಅವನಿಗೆ ಅಪ್ಪನ ನೆನಪಾಯಿತು. ಎಪ್ಪತ್ತರಲ್ಲೂ ಆತ ನೆಲಮಾಳಿಗೆಗೆ ಇಳಿಯುತ್ತಿದ್ದ. ಎಣ್ಣೆ ಅಳೆಯುತ್ತ ಅಲ್ಲಿಂದಲೇ, “ಮಗಳ ಹೆರಿಗೆ ಆಯ್ತೇನವ್ವಾ?” ಎಂದು ಕೂಗುತ್ತಿದ್ದ. ಆ ದನಿ ಕೇಳದೆ ಎಷ್ಟು ಕಾಲವಾಗಿತ್ತು!

ಮರುದಿನ ವ್ಯಾಪಾರಿ ಒಂದೊಂದೇ ಸಾಮಾನನ್ನು ಹಳೆಯ ಜಾಗಕ್ಕೆ ಹೊತ್ತೊಯ್ದ. ಮೊದಮೊದಲು ಗೋಡೆ ಹಿಡಿದು ಮೆಟ್ಟಿಲು ಹತ್ತಿದ. ಕೆಲವರು ತಡವಾಯಿತೆಂದು ರೇಗಿದರು. ಒಂದು ದಿನ ಎಣ್ಣೆ ಅಳೆಯುತ್ತ ಕೆಳಗಿನಿಂದ, “ಮೊಮ್ಮಗನ ಜ್ವರ ಬಿಟ್ಟಿತಾ ಅಜ್ಜೀ?” ಎಂದು ಕೂಗಿದ. ಮೇಲೆ ಬಂದಾಗ ಜಗುಲಿಯಲ್ಲಿ ಕೂತಿದ್ದ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ನಿಮ್ಮಪ್ಪನೇ ಕೂಗಿದ ಹಾಗಾಯ್ತು ಮಗಾ. ಇಷ್ಟು ವರ್ಷ ಈ ಅಂಗಡೀಲಿ ನನ್ನನ್ನ ಯಾರೂ ಏನೂ ಕೇಳಿರ್ಲಿಲ್ಲ.”

ವೈಶಾಖ ಬಂತು. ವ್ಯಾಪಾರಿ ಮೆಲ್ಲಗೆ ಕುಕ್ಕರುಗಾಲಿನಲ್ಲಿ ಕೂತ. ಅಳಿಯನ ಎರಡೂ ಪಾದ ತೊಳೆದ. ಏಳುವಾಗ ಒಂದು ಕೈಯನ್ನು ನೆಲಕ್ಕೆ ಊರಿದ. ಮಗಳು ನೋಡುತ್ತಿದ್ದಳು.

ಗುರುಗಳು ಕತೆ ಮುಗಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: “ಹಾಗಾದರೆ ವೈದ್ಯ ಹೇಳಿದ ನಡಿಗೆಗೆ ಅವನು ದಿನಕ್ಕೆ ಎಷ್ಟು ಹೊತ್ತು ತೆಗೆದಿಟ್ಟ?”

“ಅವನಿಗೆಲ್ಲಿಯ ಹೊತ್ತು? ದಿನವಿಡೀ ವ್ಯಾಪಾರವೇ ಆಗುತ್ತಿತ್ತು.”