ಗವಿಯ ಹಳೇ ಕಂಪ್ಯೂಟರಿಗೆ ಹೊಸದು ಹಾಕಿಸಿದ್ದು

ನಗಬಾರದು. ನಕ್ಕರೆ ಕತೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ, ಮೊದಲೇ ಹೇಳಿದೀನಿ.

ತಾಲ್ಲೂಕು ಕಚೇರಿ ಎದುರಿಗೆ ಪುಟ್ಟಚನ್ನಮ್ಮ ಅಂತ ಒಬ್ಬಳು ಅರ್ಜಿ ಟೈಪ್ ಮಾಡಿಕೊಡೋ ಅಂಗಡಿ ಇಟ್ಟಿದ್ದಳು. ಅವಳಿಗಿದ್ದ ಆಸ್ತಿ ಎರಡೇ. ಒಂದು, ಹದಿನೈದು ವರ್ಷದ ಹಳೇ ಕಂಪ್ಯೂಟರು. ಇನ್ನೊಂದು, ಇಪ್ಪತ್ತೈದು ವರ್ಷದ ಮಗ ಗವಿಯ. ಕಂಪ್ಯೂಟರಿಗಾದರೆ ತಡವಾಗಿಯಾದರೂ ಹೇಳಿದ್ದು ಅರ್ಥವಾಗುತ್ತಿತ್ತು.

ಇಷ್ಟು ವರ್ಷ ಟೈಪ್ ಮಾಡಿದ ಅರ್ಜಿಗಳೆಲ್ಲ ಆ ಕಂಪ್ಯೂಟರಿನೊಳಗಿದ್ದವು. ಬಂದವರ ಹೆಸರು ಬದಲಾಯಿಸಿ ಪ್ರಿಂಟ್ ತೆಗೆದುಕೊಟ್ಟರೆ ಆ ದಿನದ ಅನ್ನ. ಅಂಥಾದ್ದರಲ್ಲಿ ಅವಳ ಕಾಲು ಉಳುಕಿತು. ಅವಳು ಹಾಸಿಗೆ ಹಿಡಿದಳು, ಅಂಗಡಿಗೆ ಗವಿಯ ಹೋದ.

ಮೊದಲ ದಿನವೇ ಕಚೇರಿಯ ಪೇಜು ತೆರೆಯಲಿಲ್ಲ. ಪಕ್ಕದ ಅಂಗಡಿಯವನು ಬಂದು ನೋಡಿದ. "ಹಳೇದಾಯ್ತು ಕಣೋ, ಇದಕ್ಕೆ ಸಪೋರ್ಟ್ ಇಲ್ಲ," ಅಂದ. ಸಪೋರ್ಟ್ ತಾನೆ? ಗವಿಯ ಮನೆ ಹಿತ್ತಲಿಗೆ ಓಡಿದ, ಬಾಳೆಗಿಡಕ್ಕೆ ಕೊಟ್ಟಿದ್ದ ಕವೆಕೋಲು ಕಿತ್ತುಕೊಂಡು ಬಂದು ಕಂಪ್ಯೂಟರಿಗೆ ಕೊಟ್ಟ. ಸಂಜೆ ಬಂದು ಅವ್ವನಿಗೆ ಹೇಳಿದ. ಅಷ್ಟೊತ್ತಿಗೆ ಬಾಳೆಗಿಡ ಬಿದ್ದಿತ್ತು.

ಪುಟ್ಟಚನ್ನಮ್ಮ ಕುಡೀತಿದ್ದ ಕಾಪಿ ಲೋಟ ಕೆಳಗಿಟ್ಟು ಹಣೆ ಚಚ್ಚಿಕೊಂಡಳು.

"ಅಯ್ಯೋ ಪೆದ್ದೇ! ಹಳೇದಕ್ಕೆ ಹೊಸ ಸಿಸ್ಟಮ್ ಹಾಕಿಸಬೇಕು ಕಣೋ! ರಿಪೇರಿ ಅನ್ಸರಣ್ಣನ ಕೇಳು. ಅವನು ಹೇಳಿದಂಗೆ ಮಾಡು!"

"ಆಗಲಿ ಕಣವ್ವ."

ಅನ್ಸರ್ ಹೇಳಿದ: "ನಾಳೆ ಹಾಕ್ತೀನಿ. ಅಷ್ಟರಲ್ಲಿ ಒಳಗಿರೋದನ್ನೆಲ್ಲ ಹೊರಗೆ ತೆಗೆದಿಟ್ಟಿರು."

ಗವಿಯ ತಿರುಪು ಬಿಚ್ಚಿದ. ಫ್ಯಾನು, ವೈರು, ಹಸಿರು ಹಲಗೆ, ಎಲ್ಲಾ ತೆಗೆದು ಮೊರದಲ್ಲಿ ಹರವಿಟ್ಟ. ಧೂಳೂ ಒಳಗೇ ಇತ್ತಲ್ಲ, ಅದನ್ನೂ ಪೊಟ್ಟಣ ಕಟ್ಟಿಟ್ಟ.

"ಅಯ್ಯೋ ಪೆದ್ದೇ! ಅನ್ಸರಣ್ಣನ ಕಾಲು ಹಿಡಿದು ಎಲ್ಲಾ ವಾಪಸ್ ಕೂರಿಸು! ಇನ್ನು ಅದರೊಳಗೆ ಕೈ ಹಾಕಬೇಡ! ಏನಿದ್ರೂ ಹೊರಗಿಂದ!"

"ಆಗಲಿ ಕಣವ್ವ."

ಗವಿಯ ಅನ್ಸರನ ಕಾಲು ಹಿಡಿದುಕೊಂಡ, ಬಿಡಲೇ ಇಲ್ಲ. ಅವನು ಬೈದುಕೊಂಡೇ ಎಲ್ಲಾ ಕೂರಿಸಿದ. "ನೋಡು, ಇದು ಹಳೇ ಕಂಪ್ಯೂಟರು ಅಂತ ಹೊಸ ಸಿಸ್ಟಮ್ಮಿಗೆ ಗೊತ್ತಾಗಬಾರದು. ಗೊತ್ತಾದ್ರೆ ಒಳಗೆ ಕೂರಲ್ಲ. ನಾಳೆ ಬಂದು ಹೆಂಗೋ ಏಮಾರಿಸ್ತೀನಿ," ಅಂದ.

ನಾಳೆವರೆಗೆ ಯಾಕೆ ಕಾಯಬೇಕು? ಗೇಟಿಗೆ ಬಳಿದು ಮಿಕ್ಕಿದ್ದ ಬೆಳ್ಳಿ ಬಣ್ಣ ತಂದು ಗವಿಯ ಕಂಪ್ಯೂಟರಿಗೆ ಎರಡು ಕೋಟು ಹೊಡೆದ. ಹೊರಗಿಂದಲೇ.

ಯಾರದು ನಕ್ಕಿದ್ದು?

"ಅಯ್ಯೋ ಪೆದ್ದೇ! ಹೊರಗೆ ಬಳಿದ್ರೆ ಏನೋ ಬಂತು! ಏನೇ ಹಾಕಿದ್ರೂ ಒಳಗೆ ಹೋಗಬೇಕು, ಒಳಗೆ!" ಅಂದವಳಿಗೆ ಆಗ ನೆನಪಾಯ್ತು. "ಹೊಸದು ಹಾಕಿದ್ರೆ ಹಳೇ ಅರ್ಜಿ ಎಲ್ಲಾ ಅಳಿಸಿ ಹೋಗುತ್ತಲ್ಲೋ! ಅವು ಹೋದ್ರೆ ಹೊಟ್ಟೆಗೆ ತಣ್ಣೀರು ಬಟ್ಟೆನೇ ಗತಿ! ಅನ್ಸರಣ್ಣ ಬರೋಕೆ ಮುಂಚೆ ಒಂದೊಂದು ಅರ್ಜಿಗೂ ಒಂದೊಂದು ಕಾಪಿ ಮಾಡಿಬಿಡು!"

"ಆಗಲಿ ಕಣವ್ವ."

ಮಾರನೇ ದಿನ ಮಧ್ಯಾಹ್ನ ಗವಿಯ ಬೆವರು ಒರೆಸಿಕೊಳ್ತಾ ಮನೆಗೆ ಬಂದ.

"ಕಾಪಿ ಮಾಡಿದ್ಯೇನೋ?"

"ಮಾಡಿದೆ ಕಣವ್ವ."

ಪುಟ್ಟಚನ್ನಮ್ಮನಿಗೆ ಹೋದ ಜೀವ ಬಂದಂಗಾಯ್ತು. "ಎಲ್ಲಾ ಅರ್ಜಿಗೂ?"

"ಎಲ್ಲಿ! ನಲವತ್ತಕ್ಕೇ ಹಾಲು ಮುಗೀತು."

ಪುಟ್ಟಚನ್ನಮ್ಮ ಹಾಸಿಗೆಯಲ್ಲೇ ಎದ್ದು ಕೂತಳು.

"ಆ ನಲವತ್ತನ್ನ ಏನು ಮಾಡಿದೆ?"

"ಒಳಗೆ ಹಾಕಿದೆ, ನೀನೇ ಹೇಳಿದ್ಯಲ್ಲ. ಒಂದು ತೊಟ್ಟೂ ಹೊರಗೆ ಚೆಲ್ಲಿಲ್ಲ ಕಣವ್ವ."

"ಕಂಪ್ಯೂಟರು?"

"ಹೊಗೆ ಆಡ್ತಾ ಇದೆ. ಆರಲಿ ಅಂತ ಬಿಟ್ಟು ಬಂದಿದೀನಿ."