ಹೊನ್ನಿ ನೋಡದೆ ಕಾದ ತಾಳೆ ಬೀಜ

ಬಾ ಚುಕ್ಕಿ, ಮಗ್ಗುಲಿಗೆ ಬಾ. ಅಯ್ಯಯ್ಯೋ, ಉಗುರು ತುಂಬ ಮರಳು! ಆ ತಾಳೆ ಬೀಜಾನ ಮತ್ತೆ ಅಗೆದು ನೋಡಿದ್ಯೇನೇ ಕಳ್ಳಿ? ಬೆಳಿಗ್ಗೆ ಹೂತಿದ್ದು ಸಂಜೆಗೆ ಮರ ಆಗತ್ತಾ? ಸುಮ್ನೆ ಕಣ್ಣು ಮುಚ್ಚು, ಕತೆ ಹೇಳ್ತೀನಿ. ಹೂಂಗುಟ್ಟಬೇಕು, ಇಲ್ಲಾಂದ್ರೆ ಅಲ್ಲೇ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ ಕಡಲ ದಂಡೇಲಿ ಒಂದು ಮನೆ ಇತ್ತಂತೆ. ಮಳೆ ಅಲ್ಲಿಗೆ ದೂರದ ನೆಂಟರ ಹಾಗೆ, ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ಎಲ್ಲಿ ನೋಡಿದ್ರೂ ಕಾದ ಮರಳು. ಆ ಮನೇಲಿ ನೀಲವ್ವ ಅನ್ನೋ ತಾಯಿ, ಅವಳಿಗೆ ಮೂರು ಮಕ್ಕಳು, ದೊಡ್ಡವನು ಜಟ್ಟಿ, ನಡುವಿನವನು ಬೀರ, ಕಡೇದು ನಿನ್ನಂಥದೇ ಒಂದು ಹೆಣ್ಣು, ಹೊನ್ನಿ ಅಂತ. ಅಪ್ಪ ತೀರಿಹೋಗಿದ್ದನಂತೆ. ಅವನು ತೋಡಿಟ್ಟ ಬಾವಿ ಅಂಗಳದಲ್ಲಿತ್ತು, ಪಕ್ಕದಲ್ಲೇ ಉಪ್ಪುನೀರಿನ ಕಡಲಿದ್ರೂ ಅದರಲ್ಲಿ ಸಿಹಿನೀರು. ಆದ್ರೆ ಬೇಸಿಗೆ ಗಾಳಿ ಎದ್ದರೆ ಮರಳಿನ ದಿಬ್ಬಾನೇ ನಡ್ಕೊಂಡು ಬರ್ತಿತ್ತಂತೆ. ನೆರೆಯವರ ಬಾವಿ ಎಲ್ಲ ಹಾಗೇ ಮುಚ್ಚಿ ಅವರು ಊರು ಬಿಟ್ಟಿದ್ರಂತೆ. ಆಮೇಲೆ ನೀಲವ್ವನ ಅಣ್ಣ ಬಂದು, ತಂಗೀ, ಬರೋ ಬೇಸಿಗೇಲಿ ನಿನ್ನ ಬಾವೀನೂ ಮುಚ್ಚಿದ್ರೆ ಹಟ ಮಾಡಬೇಡ, ಗಂಟುಮೂಟೆ ಕಟ್ಕೊಂಡು ನಮ್ಮನೆಗೆ ಬಂದುಬಿಡು ಅಂದನಂತೆ. ಹೂಂ ಅಂದಳು, ಒಳಗೆ ಹೋಗಿ ಅತ್ತಳು. ಗಂಡ ತೋಡಿದ ಬಾವಿ, ಬಿಟ್ಟು ಹೋಗೋಕೆ ಮನಸ್ಸು ಬರತ್ತಾ, ಪಾಪ.

ಆಮೇಲೆ ಅವಳು ಎಲ್ಲಿಂದಲೋ ಒಂದು ತಾಳೆ ಹಣ್ಣು ತಂದಳಂತೆ. ಅದರೊಳಗೆ ಮೂರು ಬೀಜ. ತಿರುಳು ಹಂಚಿ ತಿನ್ನಿಸಿ, ಬೀಜ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು, ತಾಳೆ ಬೇರು ಬಿಟ್ಟ ಕಡೆ ಮರಳು ನಡೆಯಲ್ಲ ಅಂತ ನಿಮ್ಮಪ್ಪ ಹೇಳ್ತಿದ್ರು, ಬಾವಿ ಪಕ್ಕ ಹೂಳಿ ಮಕ್ಕಳಾ ಅಂದಳಂತೆ.

ಜಟ್ಟಿಗೆ ತಾಳ್ಮೆ ಅನ್ನೋದೇ ಇಲ್ಲ. ದಿನಾ ಅಗೆಯೋದು, ನೋಡೋದು, ಮುಚ್ಚೋದು. ಯಾರ ಹಾಗೆ? ನಗಬೇಡ! ಅಗೆದೂ ಅಗೆದೂ ಎಳೇ ಮೊಳಕೆ ಪಟ್ ಅಂತ ಮುರಿದೇಹೋಯ್ತಂತೆ.

ಬೀರ ಪರವಾಗಿಲ್ಲ, ತಡ್ಕೊಂಡ. ಚಳಿಗಾಲ ಬಂತು, ಮೇಲೆ ಒಂದು ಎಲೇನೂ ಇಲ್ಲ. ಏನಾಯ್ತಪ್ಪಾ ಅಂತ ಅಗೆದ್ರೆ ಕೆಳಗೆ ಬೆಳ್ಳಗೆ ಉದ್ದಕ್ಕೆ ಗೆಣಸಿನಂಥ ಮೊಳಕೆ! ತಾಳೆ ಹಾಗೇ ಕಂದ, ಮೊದಲು ಕೆಳಗಿಳಿಯತ್ತೆ, ಆಮೇಲೆ ಮೇಲೆ ಬರತ್ತೆ. ಅದು ಅವನಿಗೆಲ್ಲಿ ಗೊತ್ತು? ಓಹೋ, ಫಲ ಕೆಳಗೇ ಬಿಟ್ಟಿದೆ ಅಂತ ಸುಟ್ಟು ತಿಂದೇಬಿಟ್ಟನಂತೆ ಹೊಟ್ಟೆಬಾಕ. ಅವ್ವಾ, ಬಲು ರುಚಿ, ನಿಂಗೂ ಒಂದು ಚೂರು ಇಟ್ಟಿದ್ದೀನಿ ಅಂದನಂತೆ! ನೀಲವ್ವ ಹಣೆ ಚಚ್ಕೊಂಡು ನಕ್ಕಳಂತೆ, ನಗ್ತಾ ನಗ್ತಾ ಅಳು ಬಂತಂತೆ.

ಉಳಿದಿದ್ದು ಹೊನ್ನೀದೊಂದೇ. ಅವಳು ಕಡಲ ಕಡೆ ಹೋಗಿ ಅಳ್ತಾ ಕೂತಿದ್ದಾಗ ಅಡಂಬು ಬಳ್ಳಿ ಮಾತಾಡಿತಂತೆ. ಅದೇ, ಮರಳ ಮೇಲೆ ಹರಿದಾಡತ್ತಲ್ಲ, ನೇರಳೆ ಹೂವಿಂದು. ನಾನು ಬಂದು ಮರಳು ಹಿಡ್ಕೋತೀನಿ ಮಗಾ, ಆದ್ರೆ ನನ್ನ ಮೇಲೆ ಆಡು ಬಿಡಬಾರದು ಅಂತಂತೆ. ಹೊನ್ನಿ ಬಳ್ಳಿ ತಂದು ನೆಟ್ಟಳು, ಮುದ್ದಿನ ಆಡನ್ನ ಕಟ್ಟಿಹಾಕಿ ದೂರದಿಂದ ಮೇವು ಹೊತ್ತಳು. ಆಮೇಲೆ ಕೇದಿಗೆ ಹತ್ರ ಹೋದಳು. ನಾನು ಗಾಳಿ ತಡೀತೀನಿ, ಆದ್ರೆ ನನ್ನ ಎಲೆ ಕೊಯ್ದು ಚಾಪೆ ಹೆಣೀಬಾರದು ಅಂತಂತೆ. ಅದನ್ನೂ ನೆಟ್ಟಳು, ಹರಕು ಚಾಪೇಲೇ ಮಲಗಿದಳು. ಆಮೇಲೆ ಮಣ್ಣೊಳಗಿಂದ ಬೀಜ ಸಣ್ಣ ದನೀಲಿ ಅಂತಂತೆ, ಹೊನ್ನೀ, ನಂಗೇನೂ ಬೇಡ, ನೀನು ನನ್ನ ಅಗೆದು ನೋಡಬೇಡ, ಅಷ್ಟೇ ಸಾಕು.

ಅಯ್ಯೋ, ಅದೇ ಎಲ್ಲಕ್ಕಿಂತ ಕಷ್ಟ! ಕೈ ತುರಿಸತ್ತೆ, ಜೀವ ತಡೆಯಲ್ಲ. ಸತ್ತೇಹೋಗಿದ್ರೆ ಅಂತ ಹೆದರಿಕೆ ಬೇರೆ. ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಕೂರ್ತಿದ್ಲಂತೆ. ಮುಖ ತೊಳೆದ ನೀರು ಹನಿಸಿ, ಇವತ್ತು ಜಟ್ಟಣ್ಣ ಜಾರಿಬಿದ್ದ, ಬೀರಣ್ಣ ಎರಡು ಸಲ ಉಂಡ ಅಂತ ಮನೆ ಸುದ್ದಿ ಎಲ್ಲ ಹೇಳ್ತಿದ್ಲಂತೆ.

ಬೇಸಿಗೆ ಬಂತು. ಗಾಳಿ ಅಂದ್ರೆ ಗಾಳಿ, ಕಣ್ಣು ಬಿಡೋ ಹಾಗಿಲ್ಲ, ಮನೆಯವರೆಲ್ಲ ಕದ ಹಾಕ್ಕೊಂಡು ಕೂತರಂತೆ. ಗಾಳಿ ನಿಲ್ಲೋ ಹೊತ್ತಿಗೆ ನೀಲವ್ವನ ಅಣ್ಣ, ಅದೇ ಮಕ್ಕಳ ಮಾವ, ಗಾಡಿ ಕಟ್ಕೊಂಡು ಬಂದೇಬಿಟ್ಟ. ಬಾವಿ ಮುಚ್ಚೇಹೋಗಿರತ್ತೆ, ನಡೀರಿ ನಡೀರಿ ಅಂತ ಪಾತ್ರೆ ಪಡಗ ಎಲ್ಲ ಗಾಡಿಗೆ ಹೇರಿಸಿದ. ನೀಲವ್ವ ಕಡೇ ಸಲ ಬಾವಿಗೆ ಕೈ ಮುಗಿಯೋಣ ಅಂತ ಹೊರಗೆ ಬಂದಳಂತೆ.

ಬಂದು ನೋಡ್ತಾಳೆ, ಮರಳೆಲ್ಲ ಕೇದಿಗೆ ಆಚೆ, ಅಡಂಬು ಬಳ್ಳಿ ಕೈಲಿ ಸಿಕ್ಕಿಬಿದ್ದಿದೆ! ಬಾವೀಲಿ ನೀರು ಫಳಫಳ! ಓಡಿಬಂದ ನೀಲವ್ವ ಇನ್ನೇನು ಕಟ್ಟೆ ಹತ್ರ ಕಾಲಿಡಬೇಕು, ಅವ್ವಾ, ತುಳೀಬೇಡ ಅಂತ ಹೊನ್ನಿ ಕಿರುಚಿದಳಂತೆ. ಕಾಲ ಬುಡದಲ್ಲಿ ಒಂದೇ ಒಂದು ಹಸಿರು ಎಲೆ, ಚೂಪಗೆ ನಿಂತಿತ್ತು.

ನೀಲವ್ವ ಅಲ್ಲೇ ಕೂತು ಮಗಳನ್ನ ತಬ್ಕೊಂಡು ಗಳಗಳ ಅತ್ತಳಂತೆ. ಮಾವ ತಾನೇ ಪಾತ್ರೆ ಇಳಿಸಿ ಒಳಗಿಟ್ಟನಂತೆ. ಜಟ್ಟಿ ಆಡಿಗೆ ಮೇವು ಹೊತ್ತ, ಬೀರ ಗಿಡ ಕಾದ, ಸದ್ಯ ತಿನ್ನಲಿಲ್ಲ! ಹೊನ್ನಿ ಮದುವೆಯಾಗಿ ಅವಳಿಗೇ ಮಕ್ಕಳಾದ ಮೇಲೆ ಆ ಮರ ಕಾಯಿ ಬಿಡ್ತಂತೆ. ಮೊದಲನೇ ಕಾಯಿಯ ಮೆತ್ತನೆ ತಿರುಳು, ತಾಟಿನುಂಗು, ಬಿಡಿಸಿ ಹಲ್ಲಿಲ್ಲದ ಅವ್ವನ ಬಾಯಿಗೆ ಇಟ್ಟಳಂತೆ. ನೀಲವ್ವ ಇರೋ ತನಕ ಗಂಡನ ಬಾವಿ ನೀರೇ ಕುಡಿದು, ಮಗಳ ಮರದ ನೆರಳಲ್ಲೇ ಕೂತು ತಣ್ಣಗಿದ್ದಳು. ಅವರು ಅಲ್ಲಿ ಸುಖವಾಗಿದ್ರು, ನಾವಿಲ್ಲಿ ಬೆಚ್ಚಗಿದ್ದೀವಿ, ಕತೆ ಮುಗೀತು.

ಏನಂದೆ? ನಿನ್ನ ಬೀಜ ಈಗ ಏನು ಮಾಡ್ತಿರತ್ತೆ ಅಂತಾನಾ? ಕೊಡು ಆ ಮರಳು ಕೈ ಇಲ್ಲಿ, ನನ್ನ ಕೈಲಿರಲಿ. ಅದೂ ನಿನ್ನ ಹಾಗೇ ಬಂಗಾರಿ, ಕಣ್ಣು ಮುಚ್ಕೊಂಡು ಬೆಳೀತಿರತ್ತೆ.